ಎಸಿಯೋ, ಗ್ರೈಂಡರೋ

ಮನೆಗೆ ಆಂಟಿ ಬಂದಿದ್ದಾರೆಂದು ಎಸಿ ನಿಲ್ಲಿಸದೆ ಗ್ರೈಂಡರ್ ಹಾಕಿದೆ. ಮರುಕ್ಷಣ ನಾವಿದ್ದ ಟ್ರೈಲರಿನಲ್ಲಿ, ಅಂದರೆ ಚಕ್ರದ ಮೇಲಿನ ತಗಡಿನ ಮನೆಯಲ್ಲಿ, ಎಲ್ಲವೂ ಒಟ್ಟಿಗೆ ನಿಂತುಹೋಯಿತು.

ಪಕ್ಕದಲ್ಲೇ ನಮ್ಮ ಹೊಸ ಮನೆ ಏಳುತ್ತಿತ್ತು. ಅದರ ಕೆಲಸಕ್ಕೆಂದು ನೆಟ್ಟಿದ್ದ ಕಂಬದಿಂದ ಟ್ರೈಲರಿಗೆ ಎಳೆದಿದ್ದ ಒಂದೇ ವೈರು, ಎಸಿಯನ್ನೂ ಮೈಸೂರಿನಿಂದ ತಂದ ಗ್ರೈಂಡರನ್ನೂ ಒಟ್ಟಿಗೆ ತಡೆಯುತ್ತಿರಲಿಲ್ಲ. ನಮ್ಮ ಸೀಡರ್ ಪಾರ್ಕ್ ಊರಿನಲ್ಲಿ ಆಗಸ್ಟ್ ಅಂದರೆ ಕಡುಬೇಸಿಗೆ; ಆ ಬಿಸಿಲಿಗೆ ತಗಡಿನ ಗೋಡೆ ಆಗಲೇ ಕಾದಿತ್ತು.

ಶುಗರ್ ಲ್ಯಾಂಡ್ ಊರಿನಿಂದ ಬಂದಿದ್ದ ಆಂಟಿ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ, "ಗಂಡ ಹೆಂಡ್ತಿ ಇಬ್ರೂ ಇಂಜಿನಿಯರ್‌ಗಳು, ಟ್ರೈಲರ್‌ನಲ್ಲಿ ಇದೀರಲ್ಲೇ. ಮನೆ ಮುಗಿಯೋವರೆಗೂ ಅಪಾರ್ಟ್‌ಮೆಂಟ್‌ನಲ್ಲಿ ಇರಬಾರದಿತ್ತಾ? ನೋಡಿದವರು ಏನಂದ್ಕೋತಾರೆ?" ಎಂದರು.

ನಾನು ಹೊರಗೆ ಹೋಗಿ ಕಂಬದ ಬ್ರೇಕರ್ ಮೇಲೆತ್ತಿ ಬಂದೆ. ಎಸಿ ಆರಿಸಿ ಮತ್ತೆ ಗ್ರೈಂಡರ್ ಹಾಕಿದೆ.

"ಎರಡರಲ್ಲಿ ಒಂದೇ ನಡೆಯೋದು ಆಂಟಿ. ನಾಳೆ ಇಡ್ಲಿ ಬೇಕು ಅಂದ್ರೆ ಇವತ್ತು ಬೆವರಬೇಕು. ನಮ್ಮ ಜಾಗ ಬಿಟ್ಟು ನಾನಂತೂ ಎಲ್ಲಿಗೂ ಹೋಗಲ್ಲ."

ಆಂಟಿ ಬಳೆ ಮೇಲೇರಿಸಿಕೊಂಡು ಗ್ರೈಂಡರಿನ ಪಕ್ಕ ಕೂತು, ಅಂಚಿಗೆ ಹತ್ತಿದ ಹಿಟ್ಟನ್ನು ಒಳಗೆ ತಳ್ಳತೊಡಗಿದರು.

ಈಗ ಹೊಸ ಮನೆಯಲ್ಲಿ ಎರಡೂ ಒಟ್ಟಿಗೆ ನಡೆಯುತ್ತವೆ. ಆದರೂ ಹಿಟ್ಟು ರುಬ್ಬುವ ಮುಂಚೆ ನಾನು ಎಸಿ ಆರಿಸುತ್ತೇನೆ. ಗಂಡ ಗೊಣಗಿದರೆ ಗೊಣಗಲಿ.