ನಿಲ್ಲುವ ಕುದುರೆ

ನಾನು ಇನ್ನೊಂದು ಸಲ ಕೇಳಬೇಕಿತ್ತು. ಕೇಳಲಿಲ್ಲ. ಅಣ್ಣ ಹಿಂದಿನಿಂದ ಅಂಗಿ ಜಗ್ಗಿ, "ಇನ್ನೊಮ್ಮೆ ಕೇಳು ಮಾರಾಯ" ಅನ್ನುತ್ತಲೇ ಇದ್ದ. ಕೇಳಿದರೆ ನನ್ನ ಇಂಗ್ಲಿಷಿನ ಬಂಡವಾಳ ದೊರೆಗೆ ಗೊತ್ತಾಗುತ್ತದೆ. ದೊರೆಗೆ ಗೊತ್ತಾದರೂ ಅಡ್ಡಿಯಿರಲಿಲ್ಲ, ಅಣ್ಣನಿಗೆ ಗೊತ್ತಾಗುತ್ತದಲ್ಲ!

ನಾನು ಓದಿದ್ದು ಏಳನೆಯವರೆಗೆ. ಅಣ್ಣ ಮೂರನೆಯದಕ್ಕೇ ಶಾಲೆ ಬಿಟ್ಟವನು. ಹಾಗಾಗಿ ನಮ್ಮಿಬ್ಬರೊಳಗೆ ವಿದ್ಯಾವಂತ ನಾನೇ. ಎಂಬತ್ತರ ದಶಕದ ಆರಂಭ ಅದು. ಬಹ್ರೈನಿನ ಸೆಗಯಾದಲ್ಲಿ ಒಂದು ಕೋಣೆ, ಅಲ್ಲಿಂದ ಸ್ವಲ್ಪ ದೂರದ ಸನದ್‌ನ ಏಸಿ ವರ್ಕ್‌ಶಾಪಿನಲ್ಲಿ ಕೆಲಸ. ಅಣ್ಣ ಮೆಕ್ಯಾನಿಕ್, ನಾನು ಅವನಿಗೆ ಸ್ಪ್ಯಾನರ್ ಎತ್ತಿಕೊಡುವವನು.

ಆ ವರ್ಷ ಮೇ ತಿಂಗಳಲ್ಲಿ ಊರಿನಲ್ಲಿ ತಂಗಿಯ ಮದುವೆ. ಅಪ್ಪ ಇಲ್ಲದ ಮನೆ. ಧಾರೆ ಎರೆಯಬೇಕಾದವನು ಅಣ್ಣ. ನಾನು ಹೊಸಬ, ನನಗೆ ರಜೆಯ ಮಾತೇ ಇಲ್ಲ. ಅಣ್ಣನಿಗೆ ಸಿಗಬೇಕಿತ್ತು. ಆದರೆ ಅದೇ ತಿಂಗಳು ನಮ್ಮ ಮಲಯಾಳಿ ಎಲೆಕ್ಟ್ರಿಷಿಯನ್‌ಗೂ ರಜೆ ಬೇಕು, ಅವನದು ಹೊಸ ಮನೆಯ ಒಕ್ಕಲು. ಮೇ ಬಂತೆಂದರೆ ಬಹ್ರೈನಿನ ಏಸಿಗಳೆಲ್ಲ ಒಟ್ಟಿಗೆ ಕೆಮ್ಮಲು ಶುರುಮಾಡುತ್ತವೆ. ಒಬ್ಬನನ್ನು ಬಿಡಬಹುದು, ಇಬ್ಬರನ್ನು ಸಾಧ್ಯವಿಲ್ಲ ಎಂದ ದೊರೆ. ದೊರೆಯೆಂದರೆ ಅವಾಲಿಯಿಂದ ದಿನಾ ಕಾರಿನಲ್ಲಿ ಬರುತ್ತಿದ್ದ ನಮ್ಮ ಇಂಗ್ಲಿಷ್ ಮ್ಯಾನೇಜರ್.

ಇಬ್ಬರೂ ದಿನಾ ಅವನ ಕೋಣೆಯ ಬಾಗಿಲಲ್ಲಿ ನಿಂತು ಜಗಳಾಡಿದರು. ಕೊನೆಗೆ ಅವನಿಗೂ ಸಾಕಾಯಿತು. ಏಪ್ರಿಲ್‌ನಲ್ಲಿ ಅವನ ಊರಲ್ಲಿ ದೊಡ್ಡದೊಂದು ಕುದುರೆ ಓಟ ಇತ್ತು: ನಾಲ್ಕು ಮೈಲಿಗೂ ಮಿಕ್ಕಿದ ದೂರ, ದಾರಿಯುದ್ದಕ್ಕೂ ಬೇಲಿ, ಹಳ್ಳ. ಕುದುರೆಗಳ ಫೋಟೋ ಇದ್ದ ಪೇಪರನ್ನು ಮೇಜಿನ ಮೇಲೆ ಬಿಸಾಡಿ, ಒಬ್ಬೊಬ್ಬರು ಒಂದೊಂದು ಆರಿಸಿ, ಯಾರ ಕುದುರೆ ಮುಂದೆ ಬರುತ್ತದೋ ಅವನು ಊರಿಗೆ ಹೋಗಲಿ ಎಂದ. ತಂಗಿಯ ಧಾರೆ ಕುದುರೆಯ ಕಾಲಿಗೆ ಬಿತ್ತು.

ಅಲ್ಲಿಂದ ಶುರುವಾಯಿತು ನನ್ನ ಗ್ರಹಚಾರ. ಅಣ್ಣ ಹುಡುಗನಾಗಿದ್ದಾಗ ಗುತ್ತಿನ ಮನೆಯ ಕಂಬಳದ ಕೋಣಗಳನ್ನು ಮೀಯಿಸುತ್ತಿದ್ದವನು. ಅಷ್ಟರಿಂದ ಪ್ರಪಂಚದ ನಾಲ್ಕು ಕಾಲಿನ ಪ್ರಾಣಿಗಳ ಗುಟ್ಟೆಲ್ಲ ತನಗೆ ಗೊತ್ತೆಂದು ನಂಬಿದ್ದ. ಊಟಕ್ಕೆ ಕೂತರೆ ಕುದುರೆ, ಮಲಗಿದರೆ ಕುದುರೆ.

"ಇದರ ಕುತ್ತಿಗೆ ನೋಡಾ. ಹಿಂದಿನ ತೊಡೆ ನೋಡು."

"ಅಣ್ಣ, ಅದು ಕೋಣ ಅಲ್ಲ."

"ಗೊತ್ತುಂಟು ಮಾರಾಯ. ಓಡುವ ಪ್ರಾಣಿಗೆ ಬೇಲಿ ಯಾಕೆ ಅಡ್ಡ ಇಡುವುದು ಇವರು? ಬೇಲಿ ಹಾರಿದ ಎಮ್ಮೆಗೆ ನಾವು ಪೆಟ್ಟು ಕೊಡ್ತೇವೆ, ಇವರು ಬಹುಮಾನ ಕೊಡ್ತಾರೆ!"

ಕೊನೆಗೂ ಒಂದು ಕಂದು ಕುದುರೆಯ ಮೇಲೆ ಬೆರಳಿಟ್ಟ. ವಯಸ್ಸಾದದ್ದು, ಪೆಚ್ಚು ಮುಖದ್ದು. ದೊರೆಯ ಅಭಿಪ್ರಾಯ ಕೇಳೋಣವೆಂದು ನನ್ನನ್ನು ಮುಂದೆ ತಳ್ಳಿದ. ದೊರೆ ಪೇಪರ್ ನೋಡಿ, "ಗುಡ್ ಚಾಯ್ಸ್. ಸ್ಲೋ, ಬಟ್ ಹೀ ಈಸ್ ಎ ಸ್ಟೇಯರ್" ಎಂದ.

ಸ್ಟೇ ಎಂಬ ಶಬ್ದ ನನಗೆ ಹೊಸದಲ್ಲ. ನಮ್ಮ ಮನೆಗೆ ಎಲ್ಲಕ್ಕಿಂತ ಮೊದಲು ಬಂದ ಇಂಗ್ಲಿಷ್ ಶಬ್ದವೇ ಅದು. ನೆರೆಮನೆಯವರು ನಮ್ಮ ಮನೆಯೆದುರಿನ ಬಾಕಿಮಾರು ಗದ್ದೆಗೆ ಕೋರ್ಟಿನಿಂದ ಸ್ಟೇ ತಂದ ಮೇಲೆ ಅದರಲ್ಲಿ ನೇಗಿಲು ಇಳಿದದ್ದೇ ಇಲ್ಲ. ಸ್ಟೇ ಎಂದರೆ ನಿಂತಿತು ಎಂದೇ ಅರ್ಥ. ಇದು ನಿಲ್ಲುವ ಕುದುರೆ. ನನಗೆ ಎಳ್ಳಷ್ಟೂ ಸಂಶಯ ಬರಲಿಲ್ಲ.

"ಬೇಡ ಅಣ್ಣ. ಅದು ನಿಧಾನವಂತೆ. ಅರ್ಧದಲ್ಲಿ ನಿಂತುಬಿಡ್ತದಂತೆ."

"ಗುಡ್ ಅಂತ ಹೇಳಿದನಲ್ಲ? ನನಗೂ ಕೇಳಿತು."

"ನೋಡ್ಲಿಕ್ಕೆ ಗುಡ್ ಅಂತ."

"ಇನ್ನೊಮ್ಮೆ ಕೇಳು ಮಾರಾಯ."

"ಇಂಗ್ಲಿಷ್ ನಿನಗೆ ಗೊತ್ತುಂಟಾ, ನನಗಾ?" ಎಂದು ರೇಗಿದೆ. ಅಣ್ಣ ಅಂಗಿ ಬಿಟ್ಟ. ನಾನು ಹೇಳಿದ ಬಿಳಿ ಕುದುರೆಗೆ, ಫೋಟೋದಲ್ಲಿ ಎಲ್ಲಕ್ಕಿಂತ ಮುಂದೆ ಹಾರುತ್ತಿದ್ದದ್ದಕ್ಕೆ, ತಲೆಯಾಡಿಸಿದ. ಪಕ್ಕದಲ್ಲೇ ನಿಂತಿದ್ದ ಎಲೆಕ್ಟ್ರಿಷಿಯನ್, "ಆಪ್ ನಹೀಂ ಲೇತೇ ತೋ ಮೈಂ ಲೇತಾ" ಎಂದು ಆ ಪೆಚ್ಚು ಮುಖದ ಕುದುರೆಯನ್ನು ತನ್ನದು ಮಾಡಿಕೊಂಡ. ಪಾಪ, ಮೂರ್ಖ ಎಂದುಕೊಂಡೆ.

ಓಟದ ದಿನ ಸಂಜೆ ಕೆಲಸ ಮುಗಿಸಿ ಎಲ್ಲರೂ ದೊರೆಯ ರೇಡಿಯೋ ಸುತ್ತ ನಿಂತೆವು. ಗೊರಗೊರ ಶಬ್ದದ ನಡುವೆ ಯಾರೋ ಉಸಿರುಗಟ್ಟಿ ಕೂಗುತ್ತಿದ್ದ. ಬಿಳಿ ಕುದುರೆಯ ಹೆಸರು ಮೊದಮೊದಲು ಮತ್ತೆ ಮತ್ತೆ ಕೇಳಿತು. ಅಣ್ಣ ನನ್ನ ಬೆನ್ನಿಗೆ ಗುದ್ದಿದ. ಆಮೇಲೆ ಆ ಹೆಸರು ಇಲ್ಲ. ದೊರೆ ಅಂಗೈ ಅಡ್ಡ ಹಿಡಿದು ತೋರಿಸಿದ: ಬೇಲಿಯ ಮುಂದೆ ಬಂದು ನಿಂತುಬಿಟ್ಟಿತಂತೆ. ಸವಾರ ಹೊಡೆದರೂ ಅಲುಗಲಿಲ್ಲವಂತೆ. ಕಂದು ಕುದುರೆ ಎಲ್ಲ ಬೇಲಿಗಳನ್ನೂ ದಾಟಿ ಮೂರನೆಯದಾಗಿ ಬಂತು.

ಎಲೆಕ್ಟ್ರಿಷಿಯನ್ ಕುಣಿದಾಡಿದ. ಆ ಕುದುರೆಯನ್ನು ಯಾಕೆ ಆರಿಸಿದೆ ಎಂದು ಅವನನ್ನು ಆಚೆ ಕರೆದು ಕೇಳಿದೆ. "ಸಾಬ್ ನೇ ಬೋಲಾ ನಾ, ಸ್ಟೇಯರ್. ಆಖಿರ್ ತಕ್ ಜಾನೇವಾಲಾ." ಕೊನೆಯವರೆಗೆ ಹೋಗುವಂಥದ್ದು. ಅಷ್ಟೇ. ಅಷ್ಟು ಸಣ್ಣ ವಿಷಯ.

ಅಣ್ಣನಿಗೆ ಹೇಳಲಿಲ್ಲ. ಮದುವೆಯ ಕ್ಯಾಸೆಟ್ ಊರಿನಿಂದ ಬಂತು. ಓಲಗದ ನಡುವೆ ಧಾರೆಗೆ ಕರೆದದ್ದು ಕೇಳಿತು, ಆಮೇಲೆ ಅಣ್ಣನ ಬದಲಿಗೆ ಧಾರೆ ಎರೆದ ಸೋದರಮಾವನ ಕೆಮ್ಮು. ಅಣ್ಣ ಕೆಮ್ಮಿನ ತನಕ ಕೇಳಿ ನಿಲ್ಲಿಸಿದ. ಪುನಃ ಹಿಂದೆ ತಿರುಗಿಸಿ ಅಷ್ಟನ್ನೇ ಕೇಳಿದ.

ನನಗೆ ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಈ ಮನುಷ್ಯ ಬೈಯಲೂ ಇಲ್ಲ! ಬದಲಿಗೆ ಕೋಣೆಗೆ ಬಂದವರಿಗೆಲ್ಲ, "ಕುದುರೆಗೆ ಮಂಡೆ ಸರಿ ಇರಲಿಲ್ಲ, ತಮ್ಮ ಎಂಥ ಮಾಡುದು? ಅವ ಇಂಗ್ಲಿಷ್‌ನಲ್ಲಿ ಫಸ್ಟ್‌ಕ್ಲಾಸ್" ಅನ್ನುತ್ತಿದ್ದ. ವರ್ಷಗಟ್ಟಲೆ ಅಂದ. ಪ್ರತಿ ಸಲವೂ ನನಗೆ ಮೈ ಉರಿಯುತ್ತಿತ್ತು, ಅವನ ಮೇಲೆ, ನನ್ನ ಮೇಲೆ, ಆ ದರಿದ್ರ ಶಬ್ದದ ಮೇಲೆ.

ಅಣ್ಣ ಗಲ್ಫ್ ಬಿಟ್ಟು ಊರಿಗೆ ಹೊರಟ ದಿನ ಏರ್‌ಪೋರ್ಟಿಗೆ ಜೊತೆಗೆ ಹೋದೆ. ಕೌಂಟರಿನ ಹೆಂಗಸು ಅವನ ಪೆಟ್ಟಿಗೆ ನೋಡಿ ಇಂಗ್ಲಿಷಿನಲ್ಲಿ ಏನೋ ಉದ್ದಕ್ಕೆ ಹೇಳಿದಳು.

"ಎಂಥದಂತೆ?" ಎಂದ ಅಣ್ಣ, ನನ್ನ ಅಂಗಿ ಹಿಡಿದು.

"ಏನಿಲ್ಲ, ಸರಿ ಉಂಟಂತೆ" ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡು, ಇನ್ನೊಮ್ಮೆ ಹೇಳಿ ಎಂದು ಅವಳನ್ನು ಕೇಳಿದೆ. ಪೆಟ್ಟಿಗೆಯನ್ನು ಬೊಂಬಾಯಿಯಲ್ಲಿ ನೀವೇ ಇಳಿಸಿಕೊಳ್ಳಬೇಕು ಎಂದು ಅವಳು ನಿಧಾನವಾಗಿ ಹೇಳಿದಳು.

"ನಿನಗೂ ತಿಳಿಯಲಿಲ್ವಾ?" ಅಣ್ಣನಿಗೆ ಆಶ್ಚರ್ಯ.

"ಇಲ್ಲ ಅಣ್ಣ. ಅವತ್ತೂ ತಿಳಿದಿರಲಿಲ್ಲ. ಆ ಕಂದು ಕುದುರೆ ನಿಲ್ಲುವಂಥದ್ದಲ್ಲ, ಕೊನೆಯವರೆಗೆ ಓಡುವಂಥದ್ದು ಅಂತ ದೊರೆ ಹೇಳಿದ್ದು. ನೀನು ಸರಿಯಾಗಿಯೇ ಆರಿಸಿದ್ದಿ. ನಾನು ಕೇಳಲಿಲ್ಲ. ತಂಗಿಯ ಧಾರೆ ನಿನಗೆ ತಪ್ಪಿಸಿದ್ದು ನಾನು. ತಪ್ಪಾಯಿತು ಅಣ್ಣ."