ಎರಡು ಗುಳಿಗೆ ಮತ್ತು ಕಂಪೌಂಡರ್ ಚಾಚಾ

ಕಂಪೌಂಡರ್ ಚಾಚಾನ ಬಲಗೈ ಹೆಬ್ಬೆರಳಿಗೆ ಉಗುರಿರಲಿಲ್ಲ. ಆ ಬೆರಳಿಗೆ ಸಕ್ಕರೆ ಮೆತ್ತಿಕೊಂಡು ನಮ್ಮವ್ವನ ಕೆನ್ನೆಯ ಒಳಗೆ, ವಸಡಿಗೆ ತಿಕ್ಕುತ್ತಿದ್ದ. ಅವ್ವ ಹಲ್ಲು ಕಚ್ಚಿ ಮಲಗಿದ್ದಳು. ಕರೆದರೆ ಓ ಅನ್ನುತ್ತಿರಲಿಲ್ಲ. ಬೆವರಿಗೆ ಸೀರೆಯೆಲ್ಲ ತೊಯ್ದು ಮೈಗೆ ಅಂಟಿತ್ತು. ಇನ್ನೂ ಹೊತ್ತು ಹುಟ್ಟಿರಲಿಲ್ಲ.

ಪಕ್ಕದ ಮನೆಯ ಮುದುಕಿ ತಂಬಿಗೆ ಹಿಡಿದು ಓಡಿಬಂದಳು. "ಗಾಳಿ ಬಡದದ. ಬಾಯಾಗ ನೀರ ಹಾಕ್ರಿ."

"ಹಾಕಬ್ಯಾಡ್ರಿ! ಉಸಿರಿನಾಗ ಹೋದ್ರ ಸಾಯ್ತಾಳ." ಚಾಚಾ ತಂಬಿಗೆ ತಳ್ಳಿದ. ಅವ್ವನನ್ನು ಮಗ್ಗುಲಾಗಿ ಹೊರಳಿಸಿದ. "ಗಾಳಿನೂ ಇಲ್ಲ ಗೀಳಿನೂ ಇಲ್ಲ. ಮೈಯಾಗ ಸಕ್ರಿ ಇಳದದ."

ನಾನು ಕೂಗಿದೆ. "ಸಕ್ರಿ ಬ್ಯಾನಿ ಇದ್ದಾಕಿಗಿ ಸಕ್ರಿ ತಿನ್ನಿಸಾಕತ್ತೀಯಲ್ಲ ಚಾಚಾ!"

"ಬಾಯಿ ಮುಚ್ಚಲೇ. ಹೋಗಿ ರಿಕ್ಷಾ ತಗೊಂಡ ಬಾ."

ಅಫಜಲಪುರದಲ್ಲಿ ನಮ್ಮ ಓಣಿಯಲ್ಲೇ, ನಮ್ಮಿಂದ ಎರಡು ಮನೆ ಆಚೆ ಚಾಚಾ ಇದ್ದ. ಒಬ್ಬ ಡಾಕ್ಟರರ ಹತ್ತಿರ ಮೂವತ್ತು ವರ್ಷದಿಂದ ಕಂಪೌಂಡರ್. ಅವನಿಗೂ ಅವ್ವನಂತೆ ಸಕ್ಕರೆ ಬ್ಯಾನಿ ಇತ್ತು. ನಮಾಜು ಮುಗಿಸಿ ಬಂದವನೇ ಕಟ್ಟೆಯ ಮೇಲೆ ಕುಳಿತು ಗಾಜಿನ ಕೊಳವೆಗೆ ನೀಲಿ ಔಷಧ ಹಾಕಿ, ತನ್ನದೇ ಎಂಟು ಹನಿ ಉಚ್ಚೆ ಬಿಟ್ಟು, ದೀಪದ ಮೇಲೆ ಕಾಯಿಸುತ್ತಿದ್ದ. ಹೋಗಿಬರುವವರು ಮೂಗು ಮುಚ್ಚಿಕೊಂಡರೆ, "ಚಾ ಮಾಡಾಕತ್ತೇನಿ, ಬರ್ರಿ, ಕುಡೀರಿ" ಅನ್ನುತ್ತಿದ್ದ. ಬಣ್ಣ ನೀಲಿಯೇ ಉಳಿದರೆ ಸಕ್ಕರೆ ಇಲ್ಲ. ಹಸಿರಾದರೆ ಸ್ವಲ್ಪ. ಇಟ್ಟಂಗಿಯ ಕೆಂಪು ಬಣ್ಣ ಬಂದರೆ ಬಹಳ. "ಈ ಬ್ಯಾನಿ ಹುಲಿ ಅಲ್ಲೋ, ಬೆಕ್ಕು. ಎಲ್ಲಿ ಕುಂತದ ಅಂತ ದಿನಾ ನೋಡ್ತಿರಬೇಕು" ಅನ್ನುವುದು ಅವನ ಮಾತು.

ನನಗೆ ಅದು ಹುಲಿಯೇ. ನಮ್ಮಪ್ಪನ ಕಾಲು ಕೊಳೆತು ಅವನು ಸತ್ತದ್ದು ಇದರಿಂದಲೇ. ಅವ್ವನಿಗೂ ಬಂದಾಗ ಚಾಚಾನೇ ನನಗೆ ಒಂದು ಕೊಳವೆ, ಒಂದು ಶೀಶೆ ಔಷಧ ಕೊಟ್ಟು ಕಾಯಿಸುವುದನ್ನು ಕಲಿಸಿದ. ನಾನು ಅರ್ಧ ಕಲಿತೆ. ದಿನಾ ಮುಂಜಾನೆ ಅವ್ವ ಎದ್ದ ಕೂಡಲೇ ಕಾಯಿಸುತ್ತಿದ್ದೆ. ದಿನಾ ಇಟ್ಟಂಗಿ ಬಣ್ಣ. ಅದನ್ನು ನೋಡಿದರೆ ಅಪ್ಪನ ಕಾಲಿನ ವಾಸನೆ ಮೂಗಿಗೆ ಬರುತ್ತಿತ್ತು.

"ಕದ್ದು ಬೆಲ್ಲ ತಿನ್ನಾಕತ್ತೀದಿ" ಎಂದು ಅವ್ವನಿಗೆ ಬೈದೆ.

"ನಾ ಯಾಕ ತಿನ್ಲೋ ಯಪ್ಪಾ? ಲಿಂಗದ ಆಣಿ, ಮುಟ್ಟಿಲ್ಲ."

ನಂಬಲಿಲ್ಲ. ಬೆಲ್ಲ, ಸಕ್ಕರೆ ಎಲ್ಲ ಟ್ರಂಕಿಗೆ ಹಾಕಿ ಕೀಲಿಯನ್ನು ಉಡದಾರಕ್ಕೆ ಕಟ್ಟಿಕೊಂಡೆ. ಮರುದಿನವೂ ಅದೇ ಬಣ್ಣ. ಅಂದು ಸೋಮವಾರ. ಸೋಮವಾರ ಅವ್ವನದು ಒಪ್ಪತ್ತು, ಮಧ್ಯಾಹ್ನ ಒಮ್ಮೆ ಉಂಡರೆ ಮುಗಿಯಿತು. ಒಳ್ಳೆಯದೇ ಆಯಿತು, ತಿನ್ನದಿದ್ದರೆ ಸಕ್ಕರೆ ಎಲ್ಲಿಂದ ಬರುತ್ತದೆ ಅಂದುಕೊಂಡೆ. ಸಕ್ಕರೆ ಇಳಿಯಲೆಂದು ಡಾಕ್ಟರ್ ಬರೆದುಕೊಟ್ಟ ಗುಳಿಗೆ, ಸಂಜೆ ಒಂದು ಕೊಡುವಲ್ಲಿ ಎರಡು ಕೊಟ್ಟೆ. ಯಾರನ್ನೂ ಕೇಳಲಿಲ್ಲ.

ನಸುಕಿನಲ್ಲಿ ಅವ್ವ ಹಾಗೆ ಬಿದ್ದಿದ್ದಳು. ನಮಾಜಿಗೆ ಹೊರಟಿದ್ದ ಚಾಚಾನನ್ನು ಎಳೆದುಕೊಂಡು ಬಂದೆ. ಅವನು ಸಕ್ಕರೆ ಕೇಳಿದಾಗ ಕೀಲಿ ಕಟ್ಟಿದ ಉಡದಾರದ ಗಂಟು ಬಿಚ್ಚಲಿಲ್ಲ. ಅವನೇ ಕಿಸೆಯಿಂದ ಪುಡಿಕೆ ತೆಗೆದ. ಈ ಬ್ಯಾನಿಯವರು ಸಕ್ಕರೆ ಇಟ್ಟುಕೊಂಡೇ ತಿರುಗಬೇಕು ಅನ್ನುವುದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಚಾಚಾ ಕೆಲಸ ಮಾಡುವ ದವಾಖಾನೆಯಲ್ಲೇ ಗ್ಲೂಕೋಸ್ ಏರಿಸಿದರು. ಅವ್ವ ಕಣ್ಣು ಬಿಟ್ಟಳು, ಸಂಜೆ ಎರಡು ಗುಳಿಗೆ ನುಂಗಿದ್ದನ್ನು ಡಾಕ್ಟರಿಗೆ ಹೇಳಿದಳು. ಡಾಕ್ಟರ್ ಹೊರಗೆ ಬಂದು, ನಮ್ಮ ಓಣಿಯ ಮಂದಿಯೆಲ್ಲ ನಿಂತಿದ್ದಾಗ ಕೇಳಿದರು. "ಹೊಟ್ಟೀಗಿ ಇಲ್ಲದಾಕಿಗಿ ಎರಡ ಗುಳಿಗಿ ಕೊಟ್ಟವರು ಯಾರ್ರಿ?"

ನಾನು ಬಾಯಿ ತೆರೆಯುವುದರೊಳಗೆ ಚಾಚಾ ಅಂದ. "ನಂದೇ ತಪ್ಪರಿ ಸಾಹೇಬ್ರ. ನಾ ಸರಿ ಹೇಳಿಲ್ಲ."

"ಇಷ್ಟು ವರ್ಷ ಏನ ಕಲ್ತಿರಿ? ಕೊಲ್ಲೋದು ಕಲ್ತಿರೇನು?"

ಚಾಚಾ ತಲೆ ತಗ್ಗಿಸಿ ನಿಂತ. ನಾನು ಗೋಡೆ ನೋಡಿದೆ. ಬಾಯಿ ತೆರೆಯಲೇ ಇಲ್ಲ. ಜನ ನನ್ನನ್ನು ತಾಯಿಯನ್ನು ಕೊಲ್ಲಹೊರಟವನು ಅಂತಾರೆ ಎಂಬ ಅಂಜಿಕೆ.

ಮರುದಿನ ಚಾಚಾ ನಮ್ಮ ಮನೆಗೆ ಬಂದ. ದವಾಖಾನೆಯ ಮಾತು ಎತ್ತಲಿಲ್ಲ. ಕೊಳವೆ ಎತ್ತಿಕೊಂಡು ಕೇಳಿದ. "ಯಾವದ ಹಾಕ್ತಿ? ಎದ್ದ ಕೂಡಲೇ ಬಂದದ್ದೇನು?"

"ಹೌದು."

"ಅದು ರಾತ್ರಿ ಎಲ್ಲಾ ಕೂಡಿದ್ದೋ ಹುಚ್ಚ. ಅದನ್ನ ಚೆಲ್ಲಬೇಕು. ಅರ್ಧಾ ತಾಸು ಬಿಟ್ಟು ಬಂದದ್ದ ನೋಡಬೇಕು. ಮತ್ತ ನಸುಕಿನ್ಯಾಗ ಮೈ ತಾನೇ ಒಂದಿಷ್ಟು ಸಕ್ರಿ ಬಿಡ್ತದ. ಉಪವಾಸ ಇದ್ರೂ ಬಿಡ್ತದ. ನಿಮ್ಮವ್ವ ಕಳ್ಳಿ ಅಲ್ಲ. ಗುಳಿಗಿ ಹೆಚ್ಚ ಮಾಡೋದು, ಕಡಿಮಿ ಮಾಡೋದು ಡಾಕ್ಟರ ಕೆಲಸ. ನಂದೂ ಅಲ್ಲ, ನಿಂದೂ ಅಲ್ಲ."

ಆಮೇಲೆ ಅವ್ವನ ಕಡೆ ತಿರುಗಿದ. "ಅಕ್ಕಾ, ಸೋಮವಾರ ಸಂಜಿಗೂ ಒಂದ ರೊಟ್ಟಿ ತಿನ್ರಿ."

"ನೀ ರಂಜಾನದಾಗ ರೋಜಾ ಇರೋ ಮಂದಿ, ನನಗ ಒಪ್ಪತ್ತು ಬಿಡಂತೀಯೇನೋ ತಮ್ಮಾ?"

"ಬ್ಯಾನಿ ಬಂದ ಮ್ಯಾಲ ನಾನೂ ರೋಜಾ ಬಿಟ್ಟೇನಿ ಅಕ್ಕಾ. ಅಲ್ಲಾಗ ಹೇಳಿ ಬಿಟ್ಟೇನಿ. ನೀವೂ ನಿಮ್ಮ ಲಿಂಗಯ್ಯಗ ಹೇಳ್ರಿ. ಅಂವ ಏನ ಕಿವುಡ ಅಲ್ಲ."

ಅವ್ವ ನಕ್ಕಳು. ಅವತ್ತಿನಿಂದ ಸೋಮವಾರವೂ ರೊಟ್ಟಿ ತಿಂದಳು. ಡಾಕ್ಟರ್ ಗುಳಿಗೆಯ ಹೊತ್ತು ಬದಲಿಸಿದರು. ರಾತ್ರಿ ಉಂಡ ಮೇಲೆ ಓಣಿಯ ತುದಿಯವರೆಗೆ ನಡೆಯಲು ಹೇಳಿದರು. ನಾಲ್ಕು ತಿಂಗಳಿಗೆ ಮುಂಜಾನೆಯ ಬಣ್ಣ ಹಸಿರಿಗೆ ಬಂತು. ನನ್ನ ಅಂಜಿಕೆ ಮಾತ್ರ ಇಳಿಯಲಿಲ್ಲ. ನಸುಕಿನಲ್ಲಿ ಎದ್ದು ಅವ್ವನ ಕುತ್ತಿಗೆ ಮುಟ್ಟಿ ಬೆವರು ಇದೆಯೇನೋ ಎಂದು ನೋಡುತ್ತಿದ್ದೆ. ಈಗಲೂ ನೋಡುತ್ತೇನೆ.

ಎರಡು ವರ್ಷದ ಮೇಲೆ ಚಾಚಾ ಎದೆನೋವು ಬಂದು ಒಂದೇ ದಿನದಲ್ಲಿ ಹೋದ. ಓಣಿಯಲ್ಲಿ ಕೆಲವರು ಆಗಲೂ, "ಒಳ್ಳೆಯವ, ಆದ್ರ ಒಮ್ಮಿ ಗುಳಿಗಿ ತಪ್ಪ ಹೇಳಿದ್ದ" ಅಂದರು. ಅದನ್ನು ಕೇಳಿಸಿಕೊಂಡು ಅವನಿಗೆ ಮಣ್ಣು ಕೊಟ್ಟು ಮನೆಗೆ ಬಂದೆ. ಅವ್ವ ರೊಟ್ಟಿ ಬಡಿಯುತ್ತಿದ್ದಳು.

"ಅವ್ವಾ, ಅವತ್ತ ಎರಡ ಗುಳಿಗಿ ಕೊಟ್ಟಾವ ನಾನು. ಚಾಚಾಂದು ತಪ್ಪಿಲ್ಲ."

ಅವ್ವ ಕೈ ನಿಲ್ಲಿಸಲಿಲ್ಲ. "ನನ್ನ ಅಂಗೈಯಾಗ ಇಟ್ಟಾವ ನೀನೇ ಅಲ್ಲೇನೋ? ನನಗ ಗೊತ್ತಿರಂಗಿಲ್ಲೇನು?"

"ಮತ್ತ ಯಾಕ ಸುಮ್ಮಿದ್ದಿ?"

"ಅಂವನೇ ಬ್ಯಾಡಂದ. ಹುಡುಗ ಮೊದಲೇ ಅಂಜ್ಯಾನ, ಮಂದಿ ಬಾಯಿಗಿ ಬಿದ್ರ ಗುಳಿಗಿ ಮುಟ್ಟೋದೇ ಬಿಡ್ತಾನ, ಆಮ್ಯಾಲ ನಿಮಗ ಕೊಡೋರ್ಯಾರ್ರಿ ಅಕ್ಕಾ ಅಂದ."

ಮರುದಿನ ಓಣಿಯಲ್ಲಿ ಆ ಮಾತು ಆಡಿದವರ ಮನೆಮನೆಗೂ ಹೋಗಿ ಹೇಳಿದೆ, ಕೊಟ್ಟವನು ನಾನು ಎಂದು. ಅದನ್ನು ಕೇಳಿಸಿಕೊಳ್ಳಬೇಕಾಗಿದ್ದ ಚಾಚಾ ಇರಲಿಲ್ಲ.

ಇಷ್ಟೇ. ಮುಂದೆ ಹೇಳಲು ನನ್ನ ಹತ್ತಿರ ಏನೂ ಇಲ್ಲ.