ಮುಚ್ಚಳದ ಒಳಗಿನ ಹೆಸರು

ನನ್ನ ಭಾವನ ಮನೆತನದ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಆ ಹೆಸರಿಗಾಗಿ ನಮ್ಮಕ್ಕ ಇಪ್ಪತ್ತಾರು ವರ್ಷ ಕಣ್ಣು ಸವೆಸಿದ್ದಾಳೆ, ಅಷ್ಟು ಸಾಕು. ಭಾವ ಎಂದ ಮೇಲೆ ಬಹುವಚನ ಕೊಡಬೇಕು ಎನ್ನುವುದು ನನಗೂ ಗೊತ್ತು. ನನ್ನ ಕೈಲಾಗುವುದಿಲ್ಲ.

ಅಕ್ಕ ಗಡಿಯಾರ ರಿಪೇರಿ ಮಾಡುವವಳು. ಅಪ್ಪನದೂ ಅದೇ ಕಸುಬು. ಹಳೆಯ ಕಟ್ಟಡವೊಂದರ ಮೆಟ್ಟಿಲ ಕೆಳಗಿನ ಗೂಡೇ ಅವರ ಅಂಗಡಿ. ಒಂದು ಮೇಜು, ಕತ್ತು ಬಗ್ಗಿಸಿದ ದೀಪ, ಸಣ್ಣ ಸಣ್ಣ ಖಾನೆಗಳ ಪೆಟ್ಟಿಗೆ. ಎದ್ದು ನಿಂತರೆ ತಲೆಗೆ ಮೆಟ್ಟಿಲು ತಾಗುತ್ತಿತ್ತು. ಎಡಗೈಯಲ್ಲಿ ಬರೆಯುತ್ತಾಳೆಂದು ಶಾಲೆಯಲ್ಲಿ ಅಕ್ಕನಿಗೆ ಏಟು ಬೀಳುತ್ತಿದ್ದ ಕಾಲ. ಅಪ್ಪ ಮಾತ್ರ "ಬಾರೇ ಎಡಚಿ" ಎಂದು ಪಕ್ಕದಲ್ಲಿ ಕೂರಿಸಿಕೊಂಡು ಅದೇ ಕೈಗೆ ಚಿಮಟ ಕೊಟ್ಟರು. ಹತ್ತನೇ ವಯಸ್ಸಿಗೆಲ್ಲ ಅವಳು ಉಸಿರು ಬಿಗಿಹಿಡಿದು ಕೂದಲೆಳೆಯಂಥ ಸ್ಪ್ರಿಂಗ್ ಕೂರಿಸುತ್ತಿದ್ದಳು. ಆಗ ನಾನೇನಾದರೂ ಸೀನಿದರೆ ಬೆನ್ನಿಗೊಂದು ಗುದ್ದು ಖಾಯಂ.

ರಿಪೇರಿ ಮುಗಿದ ವಾಚಿನ ಹಿಂಬದಿ ಮುಚ್ಚಳದ ಒಳಗೆ ತಮ್ಮ ಮನೆತನದ ಹೆಸರು, ತಿಂಗಳು, ವರ್ಷವನ್ನು ಸೂಜಿಯಿಂದ ಗೀರುವುದು ಅವರ ಕಸುಬಿನ ರೂಢಿ. ವಾಚು ಕಟ್ಟಿಕೊಂಡವರಿಗೆ ಅದು ಕಾಣುವುದೇ ಇಲ್ಲ.

"ಮುಂದೆ ಯಾವತ್ತೋ ಈ ಮುಚ್ಚಳ ತೆಗೆಯೋನು ನಮ್ಮಂಥ ಇನ್ನೊಬ್ಬ ರಿಪೇರಿಯವನು. ಅವನ ಮುಂದೆ ನಮ್ಮ ಮಾನ ಹೋಗಬಾರದು ನೋಡು," ಎನ್ನುತ್ತಿದ್ದರು ಅಪ್ಪ. ಹೆಸರು ಗೀರದೆ ಒಂದೇ ಒಂದು ವಾಚನ್ನು ಅವರು ಹೊರಗೆ ಬಿಟ್ಟವರಲ್ಲ. ಅಕ್ಕ ಹದಿನಾರನೇ ವಯಸ್ಸಿಗೆ ಮೊದಲ ಸಲ ಗೀರಿದಳು. ಎಡಗೈಯ ಅಕ್ಷರ, ಎಲ್ಲವೂ ಎಡಕ್ಕೇ ವಾಲಿದ್ದವು. ಅಪ್ಪ ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ನೋಡಿ, "ನನ್ನದಕ್ಕಿಂತ ಚೆನ್ನಾಗಿದೆ," ಎಂದರು. ಅವಳು ಆವತ್ತು ಸರಿಯಾಗಿ ಊಟವನ್ನೇ ಮಾಡಲಿಲ್ಲ, ಅಷ್ಟು ಖುಷಿ.

ಇಪ್ಪತ್ತೆರಡಕ್ಕೆ ಮದುವೆ. ಭಾವನದು ಗಾಜಿನ ಬಾಗಿಲಿನ ದೊಡ್ಡ ವಾಚಿನಂಗಡಿ. ಅವನಿಗೆ ಬೆಲ್ಟು ಬದಲಿಸಲು ಬರುತ್ತಿತ್ತು, ಸೆಲ್ ಹಾಕಲು ಬರುತ್ತಿತ್ತು, ಗಿರಾಕಿಗಳ ಮುಂದೆ ಹಲ್ಲು ಕಿರಿಯಲು ಬಹಳ ಚೆನ್ನಾಗಿ ಬರುತ್ತಿತ್ತು. ಮುಚ್ಚಳ ತೆಗೆದು ಮಾಡುವ ಕೆಲಸಕ್ಕೆಲ್ಲ ಹಿಂದಿನ ಕೋಣೆಯಲ್ಲಿ ಅಕ್ಕನನ್ನು ಕೂರಿಸಿದ.

ಮೊದಲ ವಾರವೇ ಅವಳು ಗೀರಿದ್ದು ಅವನ ಕಣ್ಣಿಗೆ ಬಿತ್ತು.

"ಇದೇನಿದು? ನಮ್ಮಂಗಡಿಗೆ ಬಂದ ವಾಚಿಗೆ ನಿಮ್ಮಪ್ಪನ ಮನೆ ಹೆಸರಾ?"

"ಕೆಲಸ ಮಾಡಿದ್ದು ನಾನಲ್ವಾ?"

"ನೀನು ಈಗ ಯಾರು? ನನ್ನ ಹೆಂಡತಿ ಅಂತ ಗೊತ್ತಾಗೋದು ಬೇಡ್ವಾ?"

ಅವಳ ಅತ್ತೆ ಒಳಗಿನಿಂದಲೇ ದನಿಗೂಡಿಸಿದರು: "ಇನ್ನೊಂದು ಹೆಸರು ಹೊತ್ಕೊಂಡು ತಿರುಗಿದ್ರೆ, ಇವಳು ಯಾವ ಮನೆಯವಳು ಅಂತ ಜನ ಕೇಳಲ್ವೇನಮ್ಮಾ?"

ಅಕ್ಕ ಅಪ್ಪನ ಹತ್ತಿರ ಓಡಿ ಬಂದಳು. ಅವರು ಭಾವನನ್ನು ಕರೆಸಿ ಬೈದು ಬುದ್ಧಿ ಹೇಳುತ್ತಾರೆ ಎಂದು ನಾನು ಬಾಗಿಲಲ್ಲೇ ನಿಂತು ಕಾದೆ. ಅಪ್ಪ ಮೇಜಿನಿಂದ ತಲೆ ಎತ್ತಲೇ ಇಲ್ಲ.

"ಎಲ್ಲಾ ಮನೇಲೂ ಇದ್ದದ್ದೇ ಮಗಳೇ. ನಿಮ್ಮಮ್ಮ ಬದಲಾಯಿಸ್ಕೊಳ್ಳಲಿಲ್ವಾ? ಹೊಂದ್ಕೊಂಡು ಹೋಗು."

ಅಷ್ಟೇ. ಹೀಗೆ ಹೇಳುವಾಗಲೂ ಅವರ ಕೈ ಒಂದು ಮುಚ್ಚಳದೊಳಗೆ ತಮ್ಮದೇ ಹೆಸರು ಗೀರುತ್ತಿತ್ತು. ನೆನೆದರೆ ಈಗಲೂ ನನಗೆ ಮೈ ಉರಿಯುತ್ತದೆ.

ಆಮೇಲೆ ಕಚೇರಿಯಿಂದ ಕಚೇರಿಗೆ ಅಲೆದಾಟ. ಹೆಸರು ಬದಲಾದದ್ದು ಅವಳದು, ಕ್ಯೂ ನಿಂತದ್ದು ಅವಳು, ಫೋಟೋ ಅಂಟಿಸಿದ್ದು ಅವಳು. ಯಾಕೆ ಬದಲಿಸಬೇಕು ಎಂದು ಕೇಳಿದ್ದಕ್ಕೆ ಗುಮಾಸ್ತ, "ಎಲ್ಲರೂ ಬದಲಾಯಿಸ್ತಾರಲ್ಲಮ್ಮಾ," ಎಂದನಂತೆ. ನಾನು ಇದುವರೆಗೆ ಕೇಳಿದ ಕಾರಣಗಳಲ್ಲಿ ಇದಕ್ಕಿಂತ ಉತ್ತಮವಾದದ್ದು ಒಂದೂ ಇಲ್ಲ. ಭಾವ ಮಾತ್ರ ಮದುವೆಯಾದನೆಂದು ತನ್ನ ಬಾಚಣಿಗೆಯ ಜಾಗವನ್ನೂ ಬದಲಿಸಲಿಲ್ಲ.

ಇಪ್ಪತ್ತಾರು ವರ್ಷ ಅಕ್ಕ ತುಟಿಪಿಟಕ್ಕೆನ್ನದೆ ಗಂಡನ ಹೆಸರು ಗೀರಿದಳು. ಪರವೂರಿನ ರಿಪೇರಿಯವರು ಮುಚ್ಚಳ ತೆಗೆದು ಆ ಹೆಸರು ಕಂಡರೆ, "ಓ, ಇವರ ಕೈಯಾ! ಹಾಗಾದ್ರೆ ಒಳಗೆ ಸರಿಯಾಗಿಯೇ ಇರುತ್ತೆ," ಎನ್ನುವಂತಾಯಿತು. ತಮ್ಮಿಂದಾಗದ ವಾಚುಗಳನ್ನು ಅಂಚೆಯಲ್ಲಿ ಕಳಿಸತೊಡಗಿದರು. ಕಡೆಗೆ ರಿಪೇರಿಗಾರರ ಸಂಘದವರು ಆ ಹೆಸರಿನ ಕೆಲಸಗಾರರಿಗೆ ಸನ್ಮಾನ ಇಟ್ಟುಕೊಂಡರು. ಭಾವ ಹೊಸ ಕೋಟು ಹಾಕಿಕೊಂಡು, ಕತ್ತಿಗೆ ಅಕ್ಕನ ಮಸೂರವನ್ನೇ ನೇತುಹಾಕಿಕೊಂಡು ವೇದಿಕೆ ಹತ್ತಿದ. ಅಕ್ಕ ಮೂರನೇ ಸಾಲಿನಲ್ಲಿ ಕೂತು ನೋಡಿದಳು. ಮನೆಗೆ ಬಂದ ಮೇಲೆ, ಕೋಟು ಬಿಚ್ಚುತ್ತಿದ್ದವನ ಕತ್ತಿನಿಂದ ಮಸೂರ ತೆಗೆದುಕೊಂಡಳು, ಚಿಮಟಗಳನ್ನು ಪೆಟ್ಟಿಗೆಗೆ ತುಂಬಿದಳು, ಹೊರಟು ಬಂದಳು.

ಅಪ್ಪ ತೀರಿಕೊಂಡ ಮೇಲೆ ಮುಚ್ಚಿದ್ದ ಗೂಡನ್ನು ನಾವಿಬ್ಬರೂ ಗುಡಿಸಿದೆವು. ಬೋರ್ಡಿನ ಮೇಲೆ ಅಕ್ಕ ಗಂಡನ ಮನೆತನದ ಹೆಸರನ್ನೇ ಬರೆಸಿದಳು. ನಾನು ಕಿರುಚಾಡಿದೆ.

"ಜನ ಹುಡುಕ್ಕೊಂಡು ಬರೋದು ಈ ಹೆಸರನ್ನ. ಇದು ಹೋದ್ರೆ ನಾನು ಮತ್ತೆ ಬೆಲ್ಟು ಹಾಕೋದ್ರಿಂದ ಶುರು ಮಾಡ್ಬೇಕು," ಎಂದಳು.

ಮದುವೆ ಕಾನೂನುಬದ್ಧವಾಗಿ ಮುರಿದ ತಿಂಗಳಲ್ಲೇ ಭಾವ ಸಂಘಕ್ಕೆ ದೂರು ಕೊಟ್ಟ: ಹೆಸರು ನಮ್ಮ ಮನೆತನದ್ದು, ಅದನ್ನು ವಾಪಸು ಕೊಡಿಸಿ. ಹಟ ಹಿಡಿದು ಹೊರಿಸಿದವನೇ ಈಗ ಕಿತ್ತುಕೊಳ್ಳಲು ಬಂದಿದ್ದ! ಪಂಚಾಯಿತಿಗೆ ಕೂತವರು ಐವರು, ಐವರೂ ಗಂಡಸರು. ಭಾವ ಸಾಕ್ಷಿಗೆಂದು ಹಳೇ ಗಿರಾಕಿಗಳಿಂದ ಐದು ವಾಚು ಇಸಿದುಕೊಂಡು ಬಂದು ಮೇಜಿನ ಮೇಲೆ ಸಾಲಾಗಿ ಇಟ್ಟ.

"ತೆಗೆದು ನೋಡಿ. ಪ್ರತಿಯೊಂದರಲ್ಲೂ ನಮ್ಮ ಮನೆ ಹೆಸರೇ ಇರೋದು."

ಸಂಘದ ಅಧ್ಯಕ್ಷರು ಕಸುಬಿನಲ್ಲೇ ಮುದುಕರಾದವರು. ಮೊದಲ ಎರಡನ್ನು ತೆಗೆದು ತಲೆದೂಗಿದರು. ಮೂರನೆಯದರ ಮುಚ್ಚಳವನ್ನು ಬೆಳಕಿಗೆ ಹಿಡಿದು ತುಂಬ ಹೊತ್ತು ನೋಡಿದರು. ಅದರೊಳಗೆ ಭಾವನ ಹೆಸರಿನ ಮೇಲೆ, ಅದಕ್ಕಿಂತ ಒಂಬತ್ತು ವರ್ಷ ಹಿಂದಿನ ತಾರೀಖಿನ ಜೊತೆ, ನಮ್ಮಪ್ಪನ ಮನೆತನದ ಹೆಸರಿತ್ತು. ಎರಡೂ ಎಡಕ್ಕೆ ವಾಲಿದ್ದವು.

"ಮೇಲಿನದು ಯಾರ ಕೆಲಸ?"

"ನಂದು," ಎಂದಳು ಅಕ್ಕ.

"ಕೆಳಗಿನದು?"

"ಅದೂ ನಂದೇ."

ಅಧ್ಯಕ್ಷರು ಭಾವನ ಕಡೆ ನೋಡಿದರು. ಅವನು ಬಲಗೈಯಲ್ಲಿ ಹಾಜರಿ ಪುಸ್ತಕಕ್ಕೆ ಸಹಿ ಹಾಕಿದ್ದನ್ನು ಎಲ್ಲರೂ ಆಗಷ್ಟೇ ಕಂಡಿದ್ದರು. ಆ ಮೊದಲ ವಾರ ಬಿಟ್ಟರೆ ಇಷ್ಟು ವರ್ಷದಲ್ಲಿ ಅವನು ಯಾವ ಮುಚ್ಚಳದೊಳಗೂ ಸರಿಯಾಗಿ ಇಣುಕಿರಲೇ ಇಲ್ಲ. ಇಣುಕಿದ್ದರೆ ಆ ವಾಚನ್ನು ತರುತ್ತಿರಲಿಲ್ಲ.

"ಹಾಗಿದ್ರೆ ಅವರಪ್ಪನ ಮನೆ ಹೆಸರೇ ಇಟ್ಕೊಳ್ಳಲಿ! ಯಾರು ಬೇಡ ಅಂದ್ರು?" ಎಂದು ರೇಗಿದ.

"ನೀವೇ ಬೇಡ ಅಂದ್ರಲ್ಲ," ಎಂದಳು ಅಕ್ಕ. ದನಿ ಏರಿರಲಿಲ್ಲ. "ಅದನ್ನ ಬಿಡಿಸಿ ಇದನ್ನ ಕೊಟ್ರಿ. ಕೊಟ್ಟಾಗ ಇದು ಬರೀ ಬೆಲ್ಟು ಮಾರೋರ ಹೆಸರು. ಇದಕ್ಕೆ ಬೆಲೆ ಬಂದಿದ್ದು ನನ್ನ ಕೈಯಿಂದ. ಕೊಡಲ್ಲ."

ಅಧ್ಯಕ್ಷರು ವಾಚಿನ ಮುಚ್ಚಳ ಹಾಕಿ, ದೂರನ್ನು ತಳ್ಳಿಹಾಕಿದೆ ಎಂದು ಪುಸ್ತಕದಲ್ಲಿ ಬರೆದರು. ಹೆಸರು ಅವಳಲ್ಲೇ ಉಳಿಯಿತು.

ಮೂರು ತಿಂಗಳ ಬಳಿಕ, ಭಾವನ ಅಂಗಡಿಯ ಸೇಲ್ಸಿನವಳು ನನಗೆ ಬಸ್ಸಿನಲ್ಲಿ ಸಿಕ್ಕಿ ಒಂದು ಸುದ್ದಿ ಹೇಳಿದಳು. ಯಾರೋ ಗಿರಾಕಿ ಬಂದು ಬೋರ್ಡು ಓದಿ, "ಮೆಟ್ಟಿಲ ಕೆಳಗೆ ಕೂರ್ತಾರಲ್ಲ ಆ ಅಮ್ಮ, ಅವರಿಗೆ ನೀವೇನಾಗ್ಬೇಕು? ಅವರ ಮನೆಯವರಾ?" ಎಂದು ಭಾವನನ್ನೇ ಕೇಳಿದನಂತೆ. ಭಾವನ ಮುಖ ಹುಳ್ಳಗಾಯಿತಂತೆ.

ನಾನು ಕುಣಿಯುತ್ತಾ ಹೋಗಿ ಅಕ್ಕನಿಗೆ ವರದಿ ಒಪ್ಪಿಸಿದೆ. ಅವಳು ನಗಲಿಲ್ಲ. ಮೇಜಿನ ಮೇಲೆ ಒಂದು ಹಳೇ ವಾಚು ತೆರೆದಿತ್ತು. ಮುಚ್ಚಳದೊಳಗೆ ಅಪ್ಪನ ನೆಟ್ಟನೆಯ ಅಕ್ಷರ. ಅದರ ಕೆಳಗೆ, ಅಕ್ಕನ ಮದುವೆಗೆ ಮುಂಚಿನ ತಾರೀಖಿನ ಜೊತೆ, ಅದೇ ಹೆಸರು, ಎಡಕ್ಕೆ ವಾಲಿದ್ದು.

"ಅವನ ಮೇಲಿನ ಸಿಟ್ಟೆಲ್ಲ ಪಂಚಾಯಿತಿ ದಿನವೇ ತೀರಿತು ಕಣೇ," ಎಂದಳು. "ಅಪ್ಪ ಒಂದೇ ಒಂದು ಸಲ ಬೇಡ ಅಂದಿದ್ರೆ ನಾನು ಬದಲಾಯಿಸ್ತಿರಲಿಲ್ಲ."

ಆಮೇಲೆ ಸೂಜಿ ಎತ್ತಿಕೊಂಡು, ಆ ಎರಡರ ಕೆಳಗೆ ಗಂಡನ ಮನೆತನದ ಹೆಸರನ್ನು ಗೀರತೊಡಗಿದಳು.